ಜಿಗಣಿಯಿಂದ ದಿನಕ್ಕೆರಡು ಸಲ

ಆ ಬೆಳಗ್ಗೆ ಬೇಗೂರಿನ ಮೇಲೆ ಮಳೆಯೆನ್ನಲಾಗದ, ಮಂಜೆನ್ನಲೂ ಆಗದ ಒಂದು ತುಂತುರು ಇಳಿದಿತ್ತು. ಆಷಾಢದ ಗಾಳಿ ಕೆರೆಯ ಕಡೆಯಿಂದ ಬೀಸಿದಾಗೆಲ್ಲ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಎರಡು ದಿನದಿಂದ ಒಣಗದ ಬಟ್ಟೆಗಳು ಮೇಲೆದ್ದು, ಸೋತು, ಮತ್ತೆ ಜೋತುಬೀಳುತ್ತಿದ್ದವು. ಹಳೆಯ ಗುಡಿಯ ಗಂಟೆಯ ಸದ್ದು ಕಿವಿಗೆ ಬೀಳುವ ಹೊತ್ತಿಗೆ ನೀರಿನ ಟ್ಯಾಂಕರೊಂದು ಹಾರ್ನ್ ಮಾಡಿ ಅದನ್ನು ಅಳಿಸಿಹಾಕಿತು.

ಮೂರನೆಯ ಮಹಡಿಯ ಮನೆಯಲ್ಲಿ ಈರೇಶ್ ಮಿಂದು, ವಿಭೂತಿ ಧರಿಸಿ, ಎಡಗೈಯ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತಿದ್ದ. ಹತ್ತು ವರ್ಷದವನಿದ್ದಾಗ ದೀಕ್ಷೆಯಾದಂದಿನಿಂದ ಒಂದು ದಿನವೂ ತಪ್ಪಿಸಿದವನಲ್ಲ. ಪೂಜೆ ಮುಗಿದ ಮೇಲೆ ಲಿಂಗವನ್ನು ಕರಡಿಗೆಯೆಂಬ ಆ ಪುಟ್ಟ ಬೆಳ್ಳಿಯ ಗೂಡಿನಲ್ಲಿಟ್ಟು, ಕೊರಳಿಗೆ ಹಾಕಿಕೊಂಡು, ಲ್ಯಾಪ್‌ಟಾಪ್ ತೆರೆದರೆ ಕಾಯಕ ಶುರು. ಅವನು ಅದನ್ನು ಕಾಯಕವೆಂದೇ ಕರೆಯುತ್ತಿದ್ದ.

ಕಾಯಕ ಇಂಥದ್ದು. ಇಂಟರ್‌ನೆಟ್ಟಿನಲ್ಲಿ ಪ್ರತಿ ವೆಬ್‌ಸೈಟಿಗೂ ಒಂದು ಹೆಸರಿರುತ್ತದೆ, ಡೊಮೇನ್ ಅನ್ನುತ್ತಾರೆ. ಹೆಸರು ಯಾರಿಗೂ ಶಾಶ್ವತವಲ್ಲ. ವರ್ಷ ವರ್ಷ ಶುಲ್ಕ ಕಟ್ಟುತ್ತಿರಬೇಕು. ಕಟ್ಟದಿದ್ದರೆ ಕೆಲವು ದಿನ ತೂಗಾಡಿ, ಒಂದು ದಿನ ಕಳಚಿ ಬೀಳುತ್ತದೆ. ಬಿದ್ದದ್ದನ್ನು ಯಾರು ಮೊದಲು ಹಿಡಿದರೋ ಅವರದು. ಈರೇಶ್ ಹಿಡಿಯುತ್ತಿದ್ದ. ಹಿಡಿದು, ಅದರ ಮೇಲೆ ಜಾಹೀರಾತು ಹಾಕಿ, ಬೇಕಾದವರು ಬಂದಾಗ ಮಾರುತ್ತಿದ್ದ. ಹಾಗೆ ಬರುವವರು ಬಹಳ ಸಲ ಹಿಂದಿನ ಒಡೆಯರೇ ಆಗಿರುತ್ತಿದ್ದರು.

“ಗಾಳಿಗೆ ಬಿದ್ದ ಮಾವಿನಕಾಯಿ ಕಣೇ. ಆರಿಸಿಕೊಂಡವರನ್ನ ಕಳ್ಳರು ಅಂತಾರಾ?” ಎಂದು ಹೆಂಡತಿ ಹೇಮಲತಾಳನ್ನು ಒಮ್ಮೆ ಕೇಳಿದ್ದ.

“ಇಲ್ಲಪ್ಪ. ಆದ್ರೆ ಮರದ ಕೆಳಗೇ ಬುಟ್ಟಿ ಹಿಡ್ಕೊಂಡು ಸಂಸಾರ ಹೂಡಿರೋರಿಗೆ ಏನಂತಾರೋ ನಂಗೊತ್ತಿಲ್ಲ” ಎಂದಿದ್ದಳು ಅವಳು.

ಐವತ್ತೆರಡು ದಿನದ ಹಿಂದೆ ಹಾಗೆ ಬಿದ್ದ ಹೆಸರುಗಳಲ್ಲೊಂದು ‘ನಮ್ಮವರಗುರುತು’. ಯಾರದೋ ಏನೋ, ಈರೇಶ್ ನೋಡಿದ್ದು ಎಷ್ಟು ಜನ ಅದನ್ನು ತೆರೆಯುತ್ತಾರೆ ಎಂಬುದನ್ನು ಮಾತ್ರ. ಕಲಬುರಗಿ, ಯಾದಗಿರಿ, ರಾಯಚೂರು, ಬೆಂಗಳೂರಿನ ಸುತ್ತಮುತ್ತ ಎಲ್ಲ ಕಡೆಯಿಂದ ಜನ ಬರುತ್ತಿದ್ದರು. ಜಿಗಣಿಯಿಂದಂತೂ ಒಂದೇ ಫೋನಿನಿಂದ ದಿನಕ್ಕೆರಡು ಸಲ, ಬೆಳಗ್ಗೆ ಆರಕ್ಕೆ, ಸಂಜೆ ಏಳಕ್ಕೆ, ತಪ್ಪದೆ. ಅಂಥ ನಿಷ್ಠೆಯ ಗಿರಾಕಿ ಇರುವ ಹೆಸರಿಗೆ ಬೆಲೆ ಜಾಸ್ತಿ. ರಮ್ಮಿ ಆಟದ ಜಾಹೀರಾತು ಹಾಕಿದ್ದ. ಕೆಳಗೆ ‘ಈ ಹೆಸರು ಮಾರಾಟಕ್ಕಿದೆ’ ಎಂದು ತನ್ನ ಫೋನ್ ನಂಬರು.

ಆ ನಂಬರಿಗೇ ಅಂದು ಬೆಳಗ್ಗೆ ಕರೆ ಬಂತು. ವಯಸ್ಸಾದ ಗಂಡು ದನಿ.

“ಸಾರ್, ನಾನು ಚನಬಸಪ್ಪ ಅಂತ. ದೊಡ್ಡನೆಕ್ಕುಂದಿ ಫ್ಯಾಕ್ಟರಿಯಲ್ಲಿ ಫಿಟ್ಟರ್ ಇದ್ದೆ, ಈಗ ರಿಟೈರ್ಡ್. ಆ ಹೆಸರು ನಂದು ಸಾರ್. ಕೂಲಿಗೆ ಬಂದ ನಮ್ಮ ಕಡೆ ಹುಡುಗರು ಎಲ್ಲೆಲ್ಲೋ ಸತ್ತು, ಹೆಸರಿಲ್ಲದ ಹೆಣ ಆಗಿ ಆಸ್ಪತ್ರೆಯಲ್ಲಿ ಬಿದ್ದಿರ್ತಾರೆ. ಅಂಥವರ ಗುರುತು ಹಾಕ್ತಿದ್ದೆ. ಹಚ್ಚೆ, ಅಂಗಿ, ಮಚ್ಚೆ, ಹಿಂಗೆ. ಮನೆಯವರು ನೋಡಿ ಬಂದು ಕರ್ಕೊಂಡು ಹೋಗೋರು.”

“ಒಳ್ಳೇ ಕೆಲಸ ಸಾರ್. ಆದ್ರೆ ರಿನ್ಯೂ ಮಾಡಿಸ್ಲಿಲ್ಲ ನೀವು.”

“ನನಗೆ ಗೊತ್ತೇ ಆಗಲಿಲ್ಲ. ಜಿಗಣಿ ಸೈಬರ್ ಸೆಂಟರ್‌ನವನು ಮಾಡಿಕೊಟ್ಟಿದ್ದ. ನನಗೆ ಆಗ ಈ-ಮೇಲ್ ಇರಲಿಲ್ಲ, ತನ್ನದೇ ಹಾಕಿಕೊಂಡ. ಈಗ ಆ ಅಂಗಡಿ ಎತ್ತಿ ಮೊಬೈಲ್ ಕವರ್ ಮಾರೋರು ಬಂದಾರೆ. ನೋಟೀಸೆಲ್ಲ ಅವನಿಗೆ ಹೋಗಿರ್ತಾವೆ.”

ಈರೇಶನಿಗೆ ಈ ಕಥೆ ಹೊಸದಲ್ಲ. ಮೇಲ್ ಐಡಿ ಇಲ್ಲದ ಗಿರಾಕಿಗೆ ತನ್ನದನ್ನೇ ಬರೆದುಕೊಡುವುದು ಸೈಬರ್ ಸೆಂಟರಿನವರ ಉಪಕಾರ. ಈರೇಶ್ ಹಿಡಿದ ಹೆಸರುಗಳಲ್ಲಿ ಅರ್ಧಕ್ಕರ್ಧ ಅಂಥ ಉಪಕಾರದಿಂದಲೇ ಕಳಚಿಬಿದ್ದವು.

“ಟ್ರೇಡ್‌ಮಾರ್ಕ್ ಏನಾದ್ರೂ ಮಾಡಿಸಿದೀರಾ?”

“ಹೆಣದ ಗುರುತಿಗೆ ಎಂಥ ಟ್ರೇಡ್‌ಮಾರ್ಕ್ ಸಾರ್?”

“ಅದಿಲ್ಲ ಅಂದ್ರೆ ದೂರು ಕೊಟ್ರೂ ನಿಲ್ಲಲ್ಲ. ಕಾನೂನು ಪ್ರಕಾರ ನಂದು. ನಲವತ್ತೈದು ಸಾವಿರ ಅಂತ ಹಾಕಿದೀನಿ, ನಿಮ್ಮ ಕೆಲಸ ನೋಡಿ ಕಮ್ಮಿ ಮಾಡ್ತೀನಿ. ಬನ್ನಿ, ಮಾತಾಡೋಣ.”

“ಬರ್ತೀನಿ. ಜೊತೆಗೆ ಒಬ್ಬ ತಾಯಿ ಬರ್ತಾಳೆ. ಅವಳ ಮಗ ಕಾಣೆಯಾಗಿ ಆರು ವಾರ ಆಯ್ತು” ಎಂದ.

ಹತ್ತೂವರೆಗೆ ಬಂದರು. ಚನಬಸಪ್ಪ ಚಪ್ಪಲಿಯನ್ನು ಲಿಫ್ಟಿನ ಹತ್ತಿರವೇ ಬಿಟ್ಟು ಬಂದಿದ್ದ. ಅವನ ಹಿಂದೆ ಐವತ್ತರ ಆಸುಪಾಸಿನ ಹೆಂಗಸು, ಕೈಯ ಗೆರೆಗಳಲ್ಲೆಲ್ಲ ಕಲ್ಲಿನ ಬಿಳಿ ಪುಡಿ. ಜಿಗಣಿಯ ಗ್ರಾನೈಟ್ ಪಾಲಿಶ್ ಘಟಕದಲ್ಲಿ ಕಸ ಗುಡಿಸುವ ಬಸಕ್ಕ. ಸೋಫಾ ತೋರಿಸಿದರೂ ನೆಲದ ಮೇಲೆ ಕೂತಳು.

ಹೇಮಲತಾ ಚಹಾ ತಂದು, “ಮೇಲೆ ಕೂತ್ಕೊಳಿ ಅಕ್ಕಾ, ಥಂಡಿ ಇದೆ” ಅಂದಳು.

“ಇರ್ಲಿ ಯವ್ವಾ. ಮೆತ್ತಗ ಕುಂತ್ರ ಎದ್ದು ಹೋಗಾಕ ಬ್ಯಾಸರ ಆಕ್ಕೈತಿ” ಎಂದು ನಕ್ಕಳು ಬಸಕ್ಕ. ನಗು ಮುಖದ ತುಂಬ ಬರಲಿಲ್ಲ. ಈರೇಶನ ಎದೆಯ ಕಡೆ ನೋಡಿದಳು. “ನೀನೂ ಲಿಂಗ ಕಟ್ಟೀಯೇನಪಾ?”

“ಹೌದಮ್ಮ.”

“ನನ್ನ ಮಗನೂ ಕಟ್ಟಿದ್ದ. ಬಸಲಿಂಗ ಅಂತ. ರಿಂಗ್ ರೋಡ್ ಕಡಿ ಕಟ್ಟಡದ ಕೆಲಸಕ್ಕ ಹ್ವಾದಾಂವ ಬರ್ಲಿಲ್ಲ. ನಮ್ಮ ಕಡಿ ಸ್ಟೇಷನ್‌ನ್ಯಾಗ ಬರಕೊಂಡ್ರು. ಅಷ್ಟ. ಆ ಕಡಿ ಸ್ಟೇಷನ್ ಬ್ಯಾರೆ ಅಂತ, ಇವರ ಮಾತು ಅವರಿಗೆ ಮುಟ್ಟೂದಿಲ್ಲಂತ. ಚನಬಸಪ್ಪಣ್ಣನ ಚೀಟಿ ಶೆಡ್ಡಿನ ಗ್ವಾಡಿಗೆ ಅಂಟಿಸಿದ್ರು, ಅದರಾಗ ಈ ಹೆಸರಿತ್ತು. ಬಾಜೂ ಮನಿ ಭಾಗ್ಯಶ್ರೀ ಫೋನಿನ್ಯಾಗ ತಗದು ತೋರಸ್ತಾಳ. ಕೆಲಸಕ್ಕ ಹೋಗೂ ಮುಂದ ಒಮ್ಮೆ, ಬಂದ ಮ್ಯಾಲ ಒಮ್ಮೆ.”

ಈರೇಶ್ ಲೋಟವನ್ನು ಕೆಳಗಿಟ್ಟ.

“ತಗದ್ರ ಏನ್ ಬರ್ತೈತಿ ಗೊತ್ತೇನು? ಇಸ್ಪೀಟಿನ ರಾಣಿ!” ಬಸಕ್ಕ ಚನಬಸಪ್ಪನ ಕಡೆ ತಿರುಗಿದಳು. “ನಾ ತಿಳಕೊಂಡೆ, ಸರದಿ ಬರೂತನಕ ರಾಣಿ ತೋರಸ್ತಾರ, ಸರದಿ ಬಂದ ಮ್ಯಾಲ ಮಕ್ಕಳ ಫೋಟೋ ತೋರಸ್ತಾರ ಅಂತ. ಅದಕ್ಕ ಒಂದಿನಾನೂ ಬಿಡ್ಲಿಲ್ಲ. ಎಲ್ಲಿ ಸರದಿ ತಪ್ಪತೈತೋ ಅಂತ.”

ಚನಬಸಪ್ಪ ತಲೆ ತಗ್ಗಿಸಿದ. “ಊರಲ್ಲಿ ತಂಗಿ ಕಾಯಿಲೆ ಬಿದ್ದಿದ್ದಳು, ಎರಡು ತಿಂಗಳು ಅಲ್ಲೇ ಇದ್ದೆ, ಫೋನೂ ಹತ್ತದ ಕಡೆ. ಮೊನ್ನೆ ಬಂದ ಮೇಲೆ ನೋಡಿದ್ದು. ತಪ್ಪು ನಂದೂ ಐತೆ.” ಆಮೇಲೆ ಈರೇಶನ ಕಡೆ ನೋಡಿ, ದನಿ ಇಳಿಸಿ ಹೇಳಿದ: “ತಮ್ಮಾ, ಹೆಸರು ನೀನೇ ಇಟ್ಕೊ. ಕಾನೂನು ನಿನ್ನ ಕಡೆ ಐತೆ, ಇರಲಿ. ಆ ಹೆಸರಿನ ಮೇಲ್‌ಗೆ ಶವಾಗಾರಗಳಲ್ಲಿ ಕೆಲಸ ಮಾಡೋ ನಮ್ಮ ಹುಡುಗರು ಬರೀತಿದ್ರು. ಈ ದಿನಗಳಲ್ಲಿ ಏನಾದರೂ ಬಂದಿದ್ದರೆ ಅದನ್ನ ಕೊಡು. ಅದು ನಿಂದಲ್ಲ.”

ಈರೇಶನ ಹತ್ತಿರ ಒಂದು ಏರ್ಪಾಡಿತ್ತು. ಹಿಡಿದ ಹೆಸರಿಗೆ ಯಾರು ಏನೇ ಮೇಲ್ ಬರೆದರೂ ಒಂದು ಡಬ್ಬಿಗೆ ಬೀಳುವಂತೆ ಮಾಡಿರುತ್ತಿದ್ದ. ಕೊಳ್ಳುವವರ ಸುಳಿವು ಅದರಲ್ಲಿ ಸಿಗುತ್ತದೆ. ಉಳಿದದ್ದನ್ನು ಓದುತ್ತಿರಲಿಲ್ಲ. ತಿಂಗಳಿಗೊಮ್ಮೆ ಒರೆಸಿಹಾಕುತ್ತಿದ್ದ. ಇದನ್ನು ಇನ್ನೂ ಒರೆಸಿರಲಿಲ್ಲ.

“ನೋಡ್ತೀನಿ” ಎಂದು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ.

ಅರವತ್ತಕ್ಕೂ ಹೆಚ್ಚು ಇದ್ದವು. ಗದಿಗೆಪ್ಪ ಎಂಬುವನಿಂದ ಮೂರು. ಕನ್ನಡದಲ್ಲಿ, ಫೋನಿನಲ್ಲಿ ಒತ್ತಿ ಒತ್ತಿ ಬರೆದದ್ದು.

ಮೊದಲನೆಯದು ನಲವತ್ತೊಂದು ದಿನ ಹಳೆಯದು. ‘ಚನಬಸಪ್ಪಣ್ಣಾರಿಗೆ ಶರಣು. ರಿಂಗ್ ರೋಡಿನ ಬದಿ ಗಾಡಿ ಬಡಿದ ಹುಡುಗ, ಇಪ್ಪತ್ತಾರರ ಸುಮಾರು. ಬಲಗೈ ಮ್ಯಾಲೆ ಬಸಕ್ಕ ಅಂತ ಹಚ್ಚೆ. ಕೊರಳಾಗ ಲಿಂಗ ಐತಿ. ನಮ್ಮವರ ಪೈಕಿ. ಲಗೂನ ಹಾಕ್ರಿ.’

ಎರಡನೆಯದು ಆರು ದಿನಕ್ಕೆ. ‘ಅಣ್ಣಾ, ಸಾಹೇಬರ ಕೈಕಾಲು ಹಿಡಿದು ಇನ್ನ ಮೂರು ದಿನ ತಡದೀನಿ. ನಿಮ್ಮ ಫೋನೂ ಹತ್ತವಲ್ದು. ಉತ್ತರ ಕೊಡ್ರಿ.’

ಮೂರನೆಯದು ಒಂದೇ ಸಾಲು. ‘ಇವತ್ತು ಒಯ್ದು ಸುಟ್ಟರು, ಲಿಂಗ ನನ್ನ ಹತ್ರ ಐತಿ.’

ಈರೇಶ್ ಅದನ್ನು ಎರಡು ಸಲ ಓದಿದ. ಲಿಂಗ ಕಟ್ಟಿದವರಲ್ಲಿ ಸುಡುವ ಪದ್ಧತಿಯಿಲ್ಲ. ಸತ್ತವರನ್ನು ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗವನ್ನಿಟ್ಟು, ವಿಭೂತಿ ಪತ್ರಿ ಹಾಕಿ, ಮಣ್ಣಿಗೆ ಕೊಡುತ್ತಾರೆ. ದೀಕ್ಷೆಯಂದಿನಿಂದ ಜೊತೆಗಿದ್ದದ್ದು ಕೊನೆಗೂ ಜೊತೆಗೇ ಹೋಗಬೇಕು. ಅವನ ತಂದೆಯ ಬೆರಳುಗಳನ್ನು ಲಿಂಗದ ಸುತ್ತ ಮಡಚಿದ್ದು ಅವನೇ. ತಣ್ಣಗಿನ ಆ ಬೆರಳುಗಳು ಈಗ ನೆನಪಾದವು.

ಪರದೆಯ ಮೂಲೆಯಲ್ಲಿ ಒರೆಸುವ ಗುಂಡಿಯಿತ್ತು. ಒತ್ತಿದರೆ ಈ ಮೂರು ಕಾಗದಗಳನ್ನು ಕಂಡವರು ಲೋಕದಲ್ಲಿ ಅವನೊಬ್ಬನೇ. ‘ಏನೂ ಬಂದಿಲ್ಲಮ್ಮ’ ಎಂದರೆ ನಂಬುತ್ತಾಳೆ. ಎದ್ದು ಹೋಗುತ್ತಾಳೆ. ಸಂಜೆ ಏಳಕ್ಕೆ ಮತ್ತೆ ತೆರೆಯುತ್ತಾಳೆ.

ತಲೆಯೆತ್ತಿದ. ಬಸಕ್ಕ ಅವನನ್ನೇ ನೋಡುತ್ತಿದ್ದಳು. ಯಾವ ಅನುಮಾನವೂ ಇಲ್ಲದ ನೋಟ. ಗುಡಿಯಲ್ಲಿ ಪೂಜಾರಿ ಪ್ರಸಾದ ಕೊಡುವ ತನಕ ಕೈಯೊಡ್ಡಿ ನಿಂತವರು ನೋಡುವ ಹಾಗೆ.

ಲ್ಯಾಪ್‌ಟಾಪನ್ನು ಚನಬಸಪ್ಪನ ಕಡೆ ತಿರುಗಿಸಿದ.

ಚನಬಸಪ್ಪ ತುಟಿ ಅಲುಗಿಸುತ್ತ ಓದಿದ. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದ, ಮತ್ತೆ ಹಾಕಿಕೊಳ್ಳಲಿಲ್ಲ. ಸೋಫಾದಿಂದ ಇಳಿದು ಬಸಕ್ಕನ ಪಕ್ಕ ನೆಲದ ಮೇಲೆ ಕೂತ.

“ತಂಗೀ, ಸರದಿ ಬಂತವ್ವಾ.”

ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಕೈಯ ಬಿಳಿ ಪುಡಿಯನ್ನು ಉಜ್ಜುತ್ತಿದ್ದಳು. ಹೇಮಲತಾ ಬಂದು ಭುಜ ಹಿಡಿದಾಗ ಬಸಕ್ಕ ಕೇಳಿದಳು, “ಯಾವಾಗ?”

“ಸುಟ್ಟು ಒಂದು ತಿಂಗಳ ಮೇಲಾತು” ಎಂದ ಚನಬಸಪ್ಪ.

“ಹಂಗಾರ ನಾ ನೋಡಾಕ ಹತ್ತಿದಾಗ ಇನ್ನೂ ಇದ್ದ.”

ಹೇಮಲತಾ ಗಂಡನ ಕಡೆ ಒಮ್ಮೆ ನೋಡಿದಳು. ಬುಟ್ಟಿಯ ಮಾತು ಅವಳು ಮತ್ತೆ ಆಡಲಿಲ್ಲ. ಆಡಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

ಚನಬಸಪ್ಪ ಗದಿಗೆಪ್ಪನಿಗೆ ಫೋನ್ ಮಾಡಿದ. ಅವನಿದ್ದ ಆಸ್ಪತ್ರೆಗೆ ಹೊರಡಲು ಕಾರು ತೆಗೆಯುವ ಮೊದಲು ಈರೇಶ್ ನಿಂತೇ ಎರಡು ಕೆಲಸ ಮಾಡಿದ. ಇಸ್ಪೀಟಿನ ರಾಣಿಯನ್ನು ತೆಗೆದ. ಹೆಸರನ್ನು ಚನಬಸಪ್ಪನ ಹೆಸರಿಗೆ, ಚನಬಸಪ್ಪನದೇ ಮೇಲ್‌ಗೆ ಬರೆದ. ಐದು ನಿಮಿಷದ ಕೆಲಸ. ಚನಬಸಪ್ಪ ತನ್ನ ಫೋನಿಗೆ ಬಂದ ಓಟಿಪಿ ಅಂಕಿಯನ್ನು ಹೇಳಿದ, ಅಷ್ಟೆ. ಥ್ಯಾಂಕ್ಸ್ ಅನ್ನಲಿಲ್ಲ.

ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕಾರು ಮುಕ್ಕಾಲು ಗಂಟೆ ನಿಂತಿತು. ಗಾಜಿನ ಮೇಲೆ ಅದೇ ತುಂತುರು. ಬಸಕ್ಕ ಹಿಂದಿನ ಸೀಟಿನಲ್ಲಿ ಮಗನ ಬಗ್ಗೆ ಒಂದೇ ಒಂದು ಮಾತು ಹೇಳಿದಳು: “ಹಚ್ಚಿ ಹಾಕಿಸ್ಕೊಂಡು ಬಂದಾಗ ಬೈದಿದ್ದೆ. ಸುಮ್ನ ರೊಕ್ಕ ಹಾಳ ಮಾಡಿದಿ ಅಂತ.”

ಆಸ್ಪತ್ರೆಯ ಹಿಂದುಗಡೆ, ಫಿನಾಯಿಲ್ ವಾಸನೆಯ ಒಂದು ಓಣಿಯಲ್ಲಿ ಗದಿಗೆಪ್ಪ ಸಿಕ್ಕ. ನಲವತ್ತರ ಒಣಕಲು ಮನುಷ್ಯ, ಹಣೆಯಲ್ಲಿ ಬೆವರಿಗೆ ಅರ್ಧ ಅಳಿಸಿದ ವಿಭೂತಿ. ಚನಬಸಪ್ಪನನ್ನು ಕಂಡು ಕೈಮುಗಿದವನು, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತ ಬಸಕ್ಕನನ್ನು ನೋಡಿ ಕೈ ಇಳಿಸಿದ.

“ನಮ್ಮವ್ರು ಹುಗೀತಾರ್ರೀ, ಸುಡಬ್ಯಾಡ್ರೀ ಅಂದೆ ಅಣ್ಣಾ. ವಾರಸುದಾರರು ಎಲ್ಲದಾರ, ನೀ ವಾರಸುದಾರ ಏನು ಅಂದ್ರು. ಏನ್ ಹೇಳ್ಲಿ? ಕಾಗದದಾಗ ಲಿಂಗ ಬರಕೊಂಡು ನನ್ನ ಕಡೆ ಬಿಟ್ರು. ಮನಿಯಾಗ ಜಗಲಿ ಮ್ಯಾಲ ಇಟ್ಟು ದಿನಾ ಒಂದು ಪತ್ರಿ ಏರಸ್ತಿದ್ದೆ. ನೀವು ಫೋನ್ ಮಾಡಿದ ಮ್ಯಾಲ ನನ್ನಾಕಿ ತಂದುಕೊಟ್ಲು.” ಆಮೇಲೆ ಕೇಳಿದ, “ನಾ ಬರದಿದ್ದು ಎಲ್ಲಿ ಹೋಗಿತ್ತಣ್ಣಾ?”

ಚನಬಸಪ್ಪ ಬಾಯಿ ತೆರೆಯುವ ಮೊದಲೇ ಈರೇಶ್ ಹೇಳಿದ. “ನನಗೆ ಬರ್ತಿತ್ತು.”

ಗದಿಗೆಪ್ಪ ಅವನನ್ನು ನೋಡಿದ. ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೂರು ಗೆರೆ, ಎದೆಯ ಮೇಲಿನ ಬೆಳ್ಳಿ. ಬೈಯುತ್ತಾನೆಂದು ಈರೇಶ್ ಕಾದ. ಗದಿಗೆಪ್ಪ ಒಳಗೆ ಹೋಗಿ ಕೈ ತೊಳೆದು ಬಂದ. ಬಿಳಿ ಬಟ್ಟೆಯ ಒಂದು ಸಣ್ಣ ಗಂಟನ್ನು ಈರೇಶನ ಎಡ ಅಂಗೈಯಲ್ಲಿಟ್ಟ.

“ಹಂಗಾರ ನೀವ ಕೊಡ್ರಿ. ನಿಮಗ ಕಳಿಸಿದ್ದಲ್ಲೇನ್ರಿ.”

ತೂಕ ಗೊತ್ತಿರುವ ತೂಕವೇ. ದಿನಾ ಬೆಳಗ್ಗೆ ಆ ಅಂಗೈ ಹೊರುವಷ್ಟೇ.

ಬೆಂಚಿನ ತನಕ ಹತ್ತು ಹೆಜ್ಜೆ. ಬಸಕ್ಕ ಅವನು ಬರುವುದನ್ನು ಕಂಡು, ಕೈಗಳನ್ನು ಸೀರೆಗೆ ಒರೆಸಿಕೊಂಡು, ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿದಳು. ಈರೇಶ್ ಒದ್ದೆ ನೆಲದ ಮೇಲೆ ಮೊಣಕಾಲೂರಿ, ಗಂಟನ್ನು ಅದರೊಳಗೆ ಇಟ್ಟ.