ಬದಲಿಗೆ ಕೂತವಳು

ನಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಶಿಶುವಿಹಾರ, ಹಿಂದಿನ ಮೂರರಲ್ಲಿ ಸಂಸಾರ. ನಡುವೆ ಒಂದು ಪರದೆ. ಬೆಳಿಗ್ಗೆ ಎಂಟಕ್ಕೆ ದೊಡ್ಡಮ್ಮ ಪರದೆ ಸರಿಸಿದಳೆಂದರೆ ಹದಿನೆಂಟು ಮಕ್ಕಳ ಅಳು, ಮೂಗು, ಕಳೆದುಹೋದ ಚಪ್ಪಲಿ ಎಲ್ಲ ಶುರು. ದೊಡ್ಡಮ್ಮನ ಮಗನ ಹೆಂಡತಿ, ಅಂದರೆ ನನ್ನ ಅತ್ತಿಗೆ, ಟೀಚರ್. ದೊಡ್ಡಪ್ಪ ಆಡಳಿತ ಮಂಡಳಿಯ ಅಧ್ಯಕ್ಷರು. ಏಳನೇ ತರಗತಿಗೇ ಶಾಲೆ ಬಿಟ್ಟು ಈ ಮನೆ ಸೇರಿದ ನಾನು ಆಯಾ. ನನಗೆ ಮಾತು ಕಡಿಮೆ. ಹಾಗಾಗಿ ಮಕ್ಕಳನ್ನು ನೋಡುತ್ತಾ ಇರುವುದು ಸುಲಭವಾಗಿತ್ತು.

ಇಂಥ ಕಡೆಗಳಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿದೆ. ಟೀಚರುಗಳಿಗೆ, ಆಯಾಗಳಿಗೆ, ಆಡಳಿತ ಮಂಡಳಿಯವರಿಗೆ ಇಲಾಖೆ ತರಬೇತಿ ಇಟ್ಟಾಗ ಹೋಗಬೇಕಾದವರು ಹೋಗುವುದಿಲ್ಲ, ಬದಲಿಗೆ ಯಾರನ್ನೋ ಕಳಿಸುತ್ತಾರೆ. ಯಾರೂ ಅದನ್ನು ತಪ್ಪೆಂದು ಎಣಿಸುವುದಿಲ್ಲ. ದೊಡ್ಡಪ್ಪ ತಮ್ಮ ತರಬೇತಿಗೆ ಹೋಗಿ ರುಜು ಹಾಕಿ, ಚಹಾ ಬರುವವರೆಗೆ ಕೂತು, ಲೋಟ ಕೆಳಗಿಟ್ಟ ಕೂಡಲೇ ಎದ್ದು ಬರುತ್ತಿದ್ದರು. ಅತ್ತಿಗೆಯ ಬದಲಿಗೆ ನಾನು ಹೋಗುತ್ತಿದ್ದೆ. ಎರಡು ವರ್ಷದಲ್ಲಿ ನಾಲ್ಕು ಸಲ ಅವಳ ಹೆಸರಿಗೆ ರುಜು ಹಾಕಿ ಕೂತೆ. ನಾಲ್ಕೂ ಪ್ರಮಾಣಪತ್ರಗಳು ಅವಳ ಹೆಸರಿನಲ್ಲಿ ಗೋಡೆ ಏರಿದವು.

ಮೊದಲ ಸಲ ತರಬೇತಿಯಿಂದ ಬಂದವಳೇ ಅಲ್ಲಿಯ ನರ್ಸಮ್ಮ ಬೊಂಬೆಯ ಮೇಲೆ ತೋರಿಸಿ ಕಲಿಸಿದ್ದನ್ನು ಮನೆಯವರಿಗೆ ಹೇಳಹೋದೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಬೇಕು. ಗಂಟಲಲ್ಲಿ ಏನಾದರೂ ಸಿಕ್ಕಿ ಕೆಮ್ಮುವ ಮಗುವನ್ನು ಕೆಮ್ಮಲು ಬಿಡಬೇಕು. ಸದ್ದೇ ನಿಂತುಹೋದರೆ ಮಾತ್ರ ಒಂದು ಗಳಿಗೆಯೂ ಕಾಯಬಾರದು.

ದೊಡ್ಡಮ್ಮ ತಲೆ ಎತ್ತದೆ ಹೇಳಿದಳು. "ನಾಲ್ಕು ಹೆತ್ತು ಸಾಕಿದೀನಿ ಕಣೇ. ಮಕ್ಕಳು ನುಂಗೋದು ಹೇಗೆ ಅಂತ ಆ ನರ್ಸು ಬೊಂಬೆ ಇಟ್ಕೊಂಡು ನನಗೆ ಕಲಿಸ್ತಾಳಾ?"

"ಬೊಂಬೆ ಉಳೀತಾ ಕೊನೆಗೆ?" ಎಂದು ಅತ್ತಿಗೆ ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿಗೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಅವಳ ಮೂರು ವರ್ಷದ ಮಗಳನ್ನು ನಾವೆಲ್ಲ ರೇಡಿಯೋ ಎನ್ನುತ್ತಿದ್ದೆವು. ಆ ಬಾಯಿ ಮುಚ್ಚುತ್ತಿದ್ದುದು ನಿದ್ದೆಯಲ್ಲಿ ಮಾತ್ರ. ಐದನೆಯ ತರಬೇತಿಯ ದಿನ ನಾನು ಚಪ್ಪಲಿ ಮೆಟ್ಟುವಾಗ ಆ ಮಗು ಬಾಗಿಲಲ್ಲಿ ನಿಂತು, "ಅಕ್ಕಾ, ಇವತ್ತೂ ಟೀಚರ್ ಆಗೋಕೆ ಹೋಗ್ತೀಯಾ?" ಎಂದು ಕೇಳಿತು. ಹೂಂ ಎಂದು ಕೆನ್ನೆ ಹಿಂಡಿ ಹೊರಟೆ.

ಹನ್ನೊಂದು ಗಂಟೆಗೆ ಮಕ್ಕಳಿಗೆ ಹಣ್ಣು ಹಂಚಿದರಂತೆ. ದ್ರಾಕ್ಷಿ, ಇಡಿಯಾಗಿ. ನಡುವೆ ಎಲ್ಲೋ ಮಗುವಿನ ಮಾತು ನಿಂತಿತು. ಅತ್ತಿಗೆ ತಿರುಗಿಯೂ ನೋಡದೆ, "ಅಬ್ಬ, ರೇಡಿಯೋ ಆಫ್ ಆಯ್ತು," ಎಂದಳಂತೆ. ತಿರುಗಿದಾಗ ತುಟಿ ನೀಲಿಗಟ್ಟಿತ್ತು. ದೊಡ್ಡಮ್ಮ ಓಡಿ ಬಂದು ನೆತ್ತಿ ತಟ್ಟಿದಳು, ನೀರು ಹೊಯ್ದಳು, ಬಾಯೊಳಗೆ ಬೆರಳು ತುರುಕಿದಳು. ಹಣ್ಣು ಇನ್ನೂ ಒಳಗೆ ಹೋಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಅದೇ ಹೊತ್ತಿಗೆ ನಾನು ತರಬೇತಿಯ ಕೋಣೆಯಲ್ಲಿ ಮೊಣಕಾಲೂರಿ ಬೊಂಬೆಯ ಬೆನ್ನು ತಟ್ಟುತ್ತಿದ್ದೆ. ನರ್ಸಮ್ಮ ಉಳಿದವರನ್ನು ಕರೆದು, ಈ ಟೀಚರ್ ಕೈ ಹೇಗೆ ಇಟ್ಟಿದಾರೆ ನೋಡಿ ಎಂದು ಹೊಗಳಿದ್ದರು.

ಮೂರನೆಯ ದಿನ ಇಲಾಖೆಯಿಂದ ಫೋನ್ ಬಂತು. ದೊಡ್ಡಪ್ಪ ನನ್ನನ್ನು ಅಡುಗೆಮನೆಗೆ ಕರೆದರು. ತರಬೇತಿಯ ಹಾಜರಿ ಪುಸ್ತಕದಲ್ಲಿ ಆ ದಿನ ಅತ್ತಿಗೆಯ ರುಜು ಇದೆ. ಅಂದ ಮೇಲೆ ಅವಳು ಇಲ್ಲಿರಲು ಸಾಧ್ಯವಿಲ್ಲ.

"ಹಾಗಾದ್ರೆ ಕೋಣೇಲಿ ಇದ್ದಿದ್ದು ನೀನು," ಎಂದರು ಮೆಲ್ಲಗೆ.

ನಾನು ದೊಡ್ಡಮ್ಮನ ಮುಖ ನೋಡಿದೆ.

"ಓದಿಲ್ಲದವಳು, ಗೊತ್ತಾಗಲಿಲ್ಲ ಅಂದ್ಬಿಡು," ಎಂದಳು ಅವಳು. "ನಿನ್ನನ್ನ ಯಾರೇನು ಮಾಡ್ತಾರೆ? ಅವಳಿಗಾದ್ರೆ ಗಂಡ, ಮಗು, ಹೆಸರು ಇದೆ. ನಿನಗೇನಿದೆ ಕಳ್ಕೊಳ್ಳೋಕೆ?"

ಅತ್ತಿಗೆ ಒಗ್ಗರಣೆ ಸೌಟನ್ನು ಉಜ್ಜುತ್ತಲೇ ಇದ್ದಳು. ಅದು ಆಗಲೇ ತೊಳೆದದ್ದಾಗಿತ್ತು.

ಇಲಾಖೆಯ ಅಧಿಕಾರಿ ವಿಚಾರಣೆಗೆ ಬಂದ ದಿನ ದೊಡ್ಡವರೆಲ್ಲ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಎದೆಗೇರಿಸಿಕೊಂಡು ಕೂತಿದ್ದರು. ಮಗುವಿನ ತಾಯಿ ಕೊರಳಲ್ಲಿ ಅಳತೆಯ ಟೇಪು ಹಾಗೇ ಹಾಕಿಕೊಂಡು ಬಂದುಬಿಟ್ಟಿದ್ದಳು. ಆ ದಿನ ಮಕ್ಕಳ ಜೊತೆ ಇದ್ದದ್ದು ನಾನೇ ಎಂದು ದೊಡ್ಡಪ್ಪ ಹೇಳಿ, ಹುಡುಗಿಗೆ ತಿಳುವಳಿಕೆ ಸಾಲದು ಎಂದು ಮುಗಿಸಿದರು. ಅಧಿಕಾರಿ ನನ್ನತ್ತ ತಿರುಗಿ, ಹೌದೇನಮ್ಮ ಎಂದರು.

ಅಷ್ಟು ಜನರ ಮುಂದೆ ನಾನೆಂದೂ ಬಾಯಿ ಬಿಟ್ಟವಳಲ್ಲ. ಎದ್ದು ಆಟಿಕೆಯ ಪೆಟ್ಟಿಗೆಯಿಂದ ದೊಡ್ಡ ಬಟ್ಟೆ ಬೊಂಬೆಯನ್ನು ತಂದು ಅತ್ತಿಗೆಯ ಮಡಿಲಲ್ಲಿಟ್ಟೆ.

"ಐದು ಸಲ ಹೋಗಿದೀರಲ್ಲ ಅತ್ತಿಗೆ. ಗಂಟಲಲ್ಲಿ ಸಿಕ್ಕಿಕೊಂಡ್ರೆ ಏನು ಮಾಡ್ಬೇಕು ತೋರಿಸಿ."

ಅವಳು ಬೊಂಬೆಯನ್ನು ಹೆಗಲಿಗೆ ಹಾಕಿಕೊಂಡು ಅದರ ನೆತ್ತಿ ತಟ್ಟಿದಳು. ಆಮೇಲೆ ಕೈ ನಿಂತಿತು.

ನಾನು ಬೊಂಬೆಯನ್ನು ತೆಗೆದುಕೊಂಡೆ. ಮುಂದಕ್ಕೆ ಬಗ್ಗಿಸಿ, ಎದೆಗೆ ಒಂದು ಕೈ ಆಸರೆ ಕೊಟ್ಟು, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಏಟು ಹಾಕಿದೆ. ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿಯಿಟ್ಟು ಐದು ಸಲ ಒಳಕ್ಕೂ ಮೇಲಕ್ಕೂ ಒತ್ತಿದೆ. "ತರಬೇತಿಯಲ್ಲಿ ಇದ್ದದ್ದು ನಾನು ಸಾರ್. ಐದೂ ಸಲ ನಾನೇ. ಮಗು ಹೋದಾಗ ಈ ಕೋಣೇಲಿ ಇದ್ದದ್ದು ಇವರು," ಎಂದೆ.

ದೊಡ್ಡಪ್ಪ ಏನೋ ಹೇಳಲು ಎದ್ದರು. ಮಗುವಿನ ತಾಯಿ ಅವರತ್ತ ನೋಡಲೇ ಇಲ್ಲ. ಅವಳ ಕಣ್ಣು ಬೊಂಬೆಯ ಮೇಲಿತ್ತು.

"ಇನ್ನೊಂದ್ಸಲ ಮಾಡಮ್ಮ," ಎಂದಳು.

ಮಾಡಿದೆ. ಅವಳು ಬೆರಳು ಮಡಿಚಿ ಎಣಿಸಿದಳು.

"ಇಷ್ಟೇನಾ?" ಎಂದು ಕೇಳಿದಳು.

ಅವಳು ನನ್ನ ಕೈಯಿಂದ ಬೊಂಬೆಯನ್ನು ತೆಗೆದುಕೊಂಡು ಮುಂದಕ್ಕೆ ಬಗ್ಗಿಸಿದಳು. ಎದೆಗೆ ಕೈ ಆಸರೆ ಕೊಟ್ಟಳು. ಅಂಗೈಯ ಬುಡದಿಂದ ಐದು ಏಟು ಹಾಕಿದಳು. ಮೊದಲ ಸಲಕ್ಕೇ ಸರಿಯಾಗಿ ಹಾಕಿದಳು.