ಹಸಿರು ಕಂಚಿನ ಮೇಲಿನ ಹೆಸರು

ಕೊರ್ಲಹಳ್ಳಿಯ ಹೊಳೆದಂಡೆಯ ತನ್ನ ಹೊಲದಲ್ಲಿ ಉಳ್ಳಾಗಡ್ಡಿಗೆ ಕಳೆ ತೆಗೆಯುವಾಗ ಹನಮಂತವ್ವನಿಗೆ ಹೆಬ್ಬೆರಳ ಉಗುರಿನಷ್ಟು ಅಗಲದ ಹಸಿರು ಬಿಲ್ಲೆಯೊಂದು ಸಿಕ್ಕಿತು. ಮುಂಡರಗಿಗೆ ಬಂದಾಗ ಪಾತ್ರೆಗಳಿಗೆ ಕಲಾಯಿ ಹಾಕುವ ಅಲ್ಲಾಸಾಬನ ಕೈಗೆ ಅದನ್ನಿಟ್ಟಳು.

"ಹುಣಸಿಹಣ್ಣು ಹಚ್ಚಿ ತಿಕ್ಕಿಕೊಡ್ರಿ. ದೇವರ ಜಗಲಿಮ್ಯಾಲ ಇಡತೀನಿ."

ರಜೆಯೆಂದು ಅಂಗಡಿಯಲ್ಲಿದ್ದ ಅವನ ಮಗಳು ಮಹೆಕ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು. ಅವಳು ಅಪ್ಪನ ಕೈ ಹಿಡಿದಳು.

"ತಿಕ್ಕಬ್ಯಾಡ ಅಬ್ಬಾ. ಹಸರ ಹೋದ್ರ ಅಕ್ಷರಾನೂ ಹೋಗತಾವ."

ಬರೀ ನೀರಲ್ಲಿ ತೊಳೆದು ಭೂತಗನ್ನಡಿ ಹಿಡಿದಳು. ಒಂದು ಬದಿಗೆ ತಲೆಪಟ್ಟಿ ಕಟ್ಟಿದ ಮುಖ. ಇನ್ನೊಂದು ಬದಿಗೆ ಈಟಿ ಹಿಡಿದ ಇಬ್ಬರು ಸಿಪಾಯಿಗಳು, ನಡುವೆ ಒಂದೇ ಧ್ವಜ. ಇದು ರೋಮನ್ನರ ನಾಣ್ಯ ಎಂದು ಅವಳಿಗೆ ಅನ್ನಿಸಿತು. ಹನಮಂತವ್ವನ ಒಪ್ಪಿಗೆ ಪಡೆದು ನಾಲ್ಕು ದಿನ ಇಟ್ಟುಕೊಂಡು, ಪುಸ್ತಕದ ಚಿತ್ರಗಳೊಡನೆ ಹೋಲಿಸಿದಳು. ಹೆಸರು ಚಕ್ರವರ್ತಿ ಕಾನ್‌ಸ್ಟಾಂಟೈನ್ ಇರಬಹುದು, ಅವನ ಮಗ ಕಾನ್‌ಸ್ಟಾಂಟಿಯಸ್ ಇರಬಹುದು. ಲ್ಯಾಟಿನ್ ಬರಹದಲ್ಲಿ ಅಪ್ಪನ ಹೆಸರಿಗೆ ಮಗನದಕ್ಕಿಂತ ಕೊನೆಯಲ್ಲೊಂದು 'ಎನ್' ಹೆಚ್ಚು. ತೀರ್ಮಾನ ನಿಂತಿದ್ದು ಸವೆದ ಜಾಗದಲ್ಲಿ ಆ 'ಎನ್' ಇತ್ತೋ ಇಲ್ಲವೋ ಎಂಬುದರ ಮೇಲೆ. ಇಲ್ಲ ಎಂದೇ ಅವಳಿಗೆ ಕಂಡಿತು. ಹಾಗಾದರೆ ಮಗನದು, ಸುಮಾರು ಸಾವಿರದ ಏಳುನೂರು ವರ್ಷದ ಹಿಂದಿನದು.

ಮೂವರೂ ಗದಗಿನ ಪುರಾತತ್ವ ಕಚೇರಿಗೆ ಹೋದರು. ನಾಣ್ಯ ಪರೀಕ್ಷಿಸುವ ಅಧಿಕಾರಿ ಮಹೆಕ ಓದಿದ್ದನ್ನು ಕೇಳಿಸಿಕೊಂಡು, ಒಮ್ಮೆ ನೋಡಿ ಟೇಬಲ್ಲಿನ ಮೇಲಿಟ್ಟರು.

"ನಕಲಿ ಇರಬೇಕ್ರಿ. ಇಂಥವು ಎರಕ ಹೊಯ್ದು ಮಾರತಾರ."

ಮಹೆಕಳ ಮುಖ ಸಣ್ಣದಾಯಿತು. ಅಲ್ಲಾಸಾಬ ಬಿಲ್ಲೆಯನ್ನೆತ್ತಿ ಅಂಚಿನ ಮೇಲೆ ಹೆಬ್ಬೆರಳಾಡಿಸಿದ.

"ನಲವತ್ತು ವರ್ಷ ತಾಮ್ರ, ಕಂಚು ಮುಟ್ಟೀನ್ರಿ ಸಾಹೇಬ್ರ. ಎರಕ ಆಗಿದ್ರ ಅಂಚಿಗೆ ಅಚ್ಚಿನ ಎರಡು ಹೋಳು ಕೂಡಿದ ಗೆರಿ ಇರತಿತ್ತು. ಇದರ ಅಂಚು ಸೀಳೈತಿ. ಮುದ್ರಿ ಒತ್ತಾಕ ಹಾಕಿದ ಸುತ್ತಿಗಿ ಪೆಟ್ಟಿಗೆ ಹಿಂಗ ಸೀಳೋದು."

ಅಧಿಕಾರಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ತಲೆಯೆತ್ತಿದಾಗ ಅವರ ದನಿ ಬದಲಾಗಿತ್ತು.

"ಕುಂಡ್ರಿ, ಮೂವರೂ ಕುಂಡ್ರಿ. ನೀವು ಹೇಳಿದ್ದು ಖರೆ. ನಿಮ್ಮ ಮಗಳು ಓದಿದ್ದೂ ಖರೆ. 'ಎನ್' ಇಲ್ಲ."

ನೆಲದಲ್ಲಿ ಸಿಕ್ಕಿದ್ದು ಸರಕಾರಕ್ಕೆ ಸೇರುತ್ತದೆ ಎಂದಾಗ ಹನಮಂತವ್ವ ಸೆರಗು ಹಿಂಡುತ್ತ ಕೂತಳು. ಅಧಿಕಾರಿ ದಾಖಲೆಯಲ್ಲಿ ಪತ್ತೆ ಮಾಡಿದವರು ಎಂಬಲ್ಲಿ ಅವಳ ಹೆಸರು ಬರೆದರು. ಗುರುತಿಸಿದವರು ಎಂಬಲ್ಲಿ ಅಪ್ಪ, ಮಗಳ ಹೆಸರು.

"ನಂದು ಓದ್ರಿ," ಎಂದಳು ಹನಮಂತವ್ವ. ಅವರು ಓದಿದರು. ಇನ್ನೊಮ್ಮೆ ಓದಿಸಿ ಕೇಳಿದಳು.

"ನಾವು ನಿಮ್ಮ ಹೊಲ ನೋಡಾಕ ಬರಬೇಕವ್ವ," ಎಂದರು ಅಧಿಕಾರಿ. " ಮೇಡಂ, ನೀವೂ ನಮ್ಮ ಜೋಡಿ ಇರಬೇಕ್ರಿ."

ಮಹೆಕ ಅಪ್ಪನತ್ತ ನೋಡಿದಳು. ಅವನು ಆಗಲೇ ನಗುತ್ತಿದ್ದ.

"ಉಳ್ಳಾಗಡ್ಡಿ ಕಿತ್ತಮ್ಯಾಲ ಬರ್ರಿ," ಎಂದಳು ಹನಮಂತವ್ವ, "ಜಾಗಾ ನಾನೇ ತೋರಸ್ತೀನಿ."