ಬಡತನದ ತಪಾಸಣೆ

ಭಾಸ್ಕರ ಸಾವ್ಕಾರರ ಶೆಡ್ಡಿನಲ್ಲಿ ಸೀಗಡಿ ಸುಲಿಯುವ ಹೆಂಗಸರ ಬೆರಳು ಬೆಳ್ಳಗೆ ಸುಕ್ಕುಗಟ್ಟಿ ಹೆಣದ ಬೆರಳಿನ ಹಾಗಿರುತ್ತಿತ್ತು. ಬೆಳಗಿನಿಂದ ಸಂಜೆವರೆಗೆ ಐಸುನೀರಲ್ಲಿ ಕೈ. ಮುಳ್ಳು ಚುಚ್ಚಿದಲ್ಲೆಲ್ಲ ಕೀವು. ಮನೆಗೆ ಹೋಗಿ ಅನ್ನಕ್ಕೆ ಕೈಯಿಟ್ಟರೆ ಸಾರಿನ ಉಪ್ಪು ಖಾರ ತಾಗಿ ಕಣ್ಣಲ್ಲಿ ನೀರು. ಬೆಳಕೆ ಊರಿನ ಆ ಶೆಡ್ಡಿನಲ್ಲಿ ಇಂಥ ನಲವತ್ತು ಹೆಂಗಸರು ಮಣೆ ಹಾಕಿ ಕೂತಿದ್ದರು. ಸರ್ಕಾರದ ಲೆಕ್ಕದಲ್ಲಿ ಮಾತ್ರ ಅಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಯಾಕೆಂದರೆ ಲೇಬರ್ ಇನ್ಸ್‌ಪೆಕ್ಟರ್ ನಾಗಪತಿ ಸಾಹೇಬರು ಬಹಳ ಮರ್ಯಾದಸ್ಥರು. ಹೇಳದೆ ಕೇಳದೆ ಯಾರ ಬಾಗಿಲಿಗೂ ಹೋಗುವವರಲ್ಲ. ತಪಾಸಣೆಗೆ ಹೊರಡುವ ಮೊದಲು ಸಾವ್ಕಾರರಿಗೆ ಒಂದು ಫೋನು. ಫೋನು ಬಂದದ್ದೇ ಹೆಂಗಸರನ್ನೆಲ್ಲ ಹಿಂದಿನ ಬಾಗಿಲಿಂದ ಗಾಳಿಮರದ ಬುಡಕ್ಕೆ ಅಟ್ಟುವುದು ಪದ್ಧತಿ. ಸಾಹೇಬರು ಬಂದು ಖಾಲಿ ಮಣೆ ನೋಡಿ, ಎಳನೀರು ಕುಡಿದು, ‘ಕೆಲಸಗಾರರು ಮೂವರು, ಎಲ್ಲರೂ ಗಂಡಸರು’ ಎಂದು ಬರೆದು, ಹೋಗುವಾಗ ಒಂದು ಚೀಲ ಸುಲಿದ ಸೀಗಡಿ ಒಯ್ಯುತ್ತಿದ್ದರು. ಅದನ್ನು ಸುಲಿದವರು ಯಾರು ಎಂಬ ಪ್ರಶ್ನೆ ಅವರಿಗೆ ಉಣ್ಣುವಾಗಲೂ ಬಂದಿರಲಿಕ್ಕಿಲ್ಲ.

ನಿಜ ಹೇಳಬೇಕೆಂದರೆ ಹೆಂಗಸರಿಗೂ ಅದು ಬೇಡವಾಗಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಒಂದು ಎಲೆಯಡಿಕೆ ಕವಳ ಹಾಕಲು ಪುರಸೊತ್ತು ಸಿಗುತ್ತಿತ್ತಲ್ಲ. ಸಾಹೇಬರು ವಾರಕ್ಕೊಮ್ಮೆ ಬಂದರೆ ಚೆನ್ನಾಗಿತ್ತು ಎಂದು ಅವರಲ್ಲೊಬ್ಬಳಾದ ಹೊನ್ನಮ್ಮನೇ ಎಷ್ಟೋ ಸಲ ನಕ್ಕಿದ್ದಳು.

ಆ ನಗು ನಿಂತದ್ದು ಜೊತೆಗೆ ಸುಲಿಯುವ ಈರಮ್ಮನ ಬಲಗೈ ಐಸು ಪುಡಿ ಮಾಡುವ ಮಶಿನ್ನಿಗೆ ಸಿಕ್ಕಿದ ದಿನ. ಬೆರಳುಗಳು ಹೋದವು. ಗಂಡ ಸತ್ತ ಹೆಂಗಸು, ಕೈಯೊಂದೇ ಆಸ್ತಿ. ಪರಿಹಾರ ಕೇಳಲು ಹೋದರೆ ಸಾವ್ಕಾರರು ಆಕಾಶ ನೋಡಿದರು.

“ಈರಮ್ಮನಾ? ಅದು ನಮ್ಮ ಕೆಲಸದ ಹೆಂಗಸೇ ಅಲ್ಲ. ಸೀಗಡಿ ತಲೆ ಕೊಂಡೋಗುಕೆ ಬಂದಿತ್ತು. ಮಶಿನ್ ಹತ್ರ ಹೋಗುಕೆ ಯಾರು ಹೇಳಿದ್ರು?”

ಪೇಟೆಯ ಲೇಬರ್ ಆಫೀಸಿನಲ್ಲೂ ಅದೇ ರಾಗ. “ಅಲ್ಲಿ ಹೆಂಗಸರೇ ಇಲ್ಲ ಅಂತ ನಮ್ಮ ರಿಪೋರ್ಟು. ನೀನು ಕೆಲಸಗಾರ್ತಿ ಅನ್ನೂದಕ್ಕೆ ಸರ್ಕಾರಿ ದಾಖಲೆ ತಾ.” ಒಮ್ಮೆ ಬಂದು ನೋಡಿ ಎಂದು ಬೇಡಿಕೊಂಡರೆ, ಜೀಪಿಗೆ ಡೀಸೆಲ್ ಇಲ್ಲ ಎಂದರು.

ಈರಮ್ಮನಿಗೆ ತುರುಬು ಕಟ್ಟಲೂ ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಪಕ್ಕದ ಮನೆಯ ಹೊನ್ನಮ್ಮನೇ ಕಟ್ಟುತ್ತಿದ್ದಳು. ಕಟ್ಟುವಾಗಲೆಲ್ಲ ಹೊನ್ನಮ್ಮನಿಗೆ ಸಿಟ್ಟು ಏರುತ್ತಿತ್ತು. ಸಾವ್ಕಾರರ ಮೇಲೆ, ಸಾಹೇಬರ ಮೇಲೆ, ಗಾಳಿಮರದ ಬುಡದಲ್ಲಿ ಕವಳ ಹಾಕುತ್ತ ಕೂತ ತನ್ನ ಮೇಲೂ.

ಹೆಂಗಸರ ಸಂಘದ ಸಭೆಯಲ್ಲಿ ಯಾರೋ ಹೊಸ ಕಾನೂನಿನ ಸುದ್ದಿ ಹೇಳಿದ್ದರು. ಮಾಹಿತಿ ಹಕ್ಕಂತೆ. ಹತ್ತು ರೂಪಾಯಿ ಕಟ್ಟಿದರೆ ಯಾವ ಆಫೀಸಿನ ಕಾಗದವನ್ನೂ ಕೇಳಬಹುದಂತೆ, ಬಿಪಿಎಲ್ ಕಾರ್ಡಿದ್ದರೆ ಪುಕ್ಕಟೆಯಂತೆ. ಹೆಂಗಸರಿಲ್ಲ ಎಂದು ಬರೆದ ಆ ಕಾಗದವನ್ನೇ ಹೊರಗೆ ತರುವ ಎಂದು ಏಳನೇ ಇಯತ್ತೆ ಓದಿದ ಹೊನ್ನಮ್ಮ ಗುಂಡಗಿನ ಅಕ್ಷರದಲ್ಲಿ ಅರ್ಜಿ ಬರೆದಳು: ಭಾಸ್ಕರ ಸಾವ್ಕಾರರ ಶೆಡ್ಡಿನ ತಪಾಸಣೆ ವರದಿಗಳೆಲ್ಲ ಬೇಕು. ಕಾರ್ಡಿನ ನಕಲು ಲಗತ್ತಿಸಿ ಪೇಟೆಯ ಅದೇ ಆಫೀಸಿಗೆ ಒಯ್ದು ಕೊಟ್ಟಳು.

ಗುಮಾಸ್ತ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಅಮಾ, ನೀವು ಬಡವ್ರು ಅಂತ ನಾವು ಹೆಂಗೆ ನಂಬೂದು?”

“ಕಾರ್ಡು ಇದ್ಯಲ್ಲ.”

“ಕಾರ್ಡು ಯಾರಿಗೂ ಸಿಗ್ತದೆ. ತನಿಖೆ ಆಗ್ಬೇಕು.”

“ಆತು, ಮಾಡಿ.”

ಕಾರ್ಡು ಸರ್ಕಾರದ್ದು, ಸೀಲು ಸರ್ಕಾರದ್ದು. ಆದರೂ ಸರ್ಕಾರಕ್ಕೆ ಸರ್ಕಾರದ ಮೇಲೆಯೇ ನಂಬಿಕೆಯಿಲ್ಲ. ಬೆರಳು ಹೋದಾಗ ಇಲ್ಲದ ಡೀಸೆಲ್ಲು ಹೊನ್ನಮ್ಮನ ಬಡತನ ಅಳೆಯಲು ಒಂದೇ ವಾರದಲ್ಲಿ ಹುಟ್ಟಿಕೊಂಡಿತು. ನಾಗಪತಿ ಸಾಹೇಬರು ಸ್ವತಃ ಜೀಪು ಹತ್ತಿ ಬೆಳಕೆಗೆ ಬಂದರು. ಮನೆಗೆ ಬೀಗ. ಅಂಗಳದ ಕೋಳಿ ಎಣಿಸಿದರು. ಹಗ್ಗದ ಮೇಲಿದ್ದ ಸೀರೆಯ ಸೆರಗು ಮುಟ್ಟಿ ನೋಡಿದರು. ಪಕ್ಕದ ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದ ಕುಪ್ಪಜ್ಜ ಇದನ್ನೆಲ್ಲ ಆಮೇಲೆ ಕೇರಿಗೇ ಹೇಳಿ ನಗಿಸಿದ.

“ಹೊನ್ನಮ್ಮ ಎಲ್ಲಿ?” ಎಂದು ಸಾಹೇಬರು ಅವನನ್ನೇ ಕೇಳಿದ್ದರು.

“ಕೆಲಸಕ್ಕೆ ಹೋಗ್ಯದೆ. ಭಾಸ್ಕರಣ್ಣನ ಶೆಡ್ಡಿಗೆ. ದಿನಾ ಹೋಗ್ತದೆ.”

ಸಾಹೇಬರ ಮುಖ ಅರಳಿತಂತೆ. ದಿನಾ ಕೆಲಸವಿದ್ದವಳು ಎಂಥ ಬಡವಿ? ಆ ಹುರುಪಿನಲ್ಲಿ ಫೋನು ಮಾಡುವುದನ್ನೇ ಮರೆತು ಸೀದಾ ಶೆಡ್ಡಿಗೆ ಬಂದರು.

ಜೀಪು ಕಂಡದ್ದೇ ಸಾವ್ಕಾರರು ಕೈ ಬೀಸಿದರು. “ಏಳಿ ಏಳಿ, ಸಾಹೇಬ್ರು ಬಂದ್ರು.”

ಹೆಂಗಸರು ಅರ್ಧ ಎದ್ದಿದ್ದರು. ಹೊನ್ನಮ್ಮ ಏಳಲಿಲ್ಲ.

“ಕೂತ್ಕಣಿ. ಅವ್ರು ಶೆಡ್ಡು ನೋಡುಕೆ ಬಂದದ್ದಲ್ಲ. ನನ್ನ ಬಡತನ ನೋಡುಕೆ ಬಂದದ್ದು.”

ಬಡತನ ಹೇಗೆ ನೋಡುತ್ತಾರೋ ನೋಡುವ ಎಂದು ಎಲ್ಲರೂ ಕೂತರು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಂದರು.

“ನೀನೇ ಅಲ್ವಾ ಹೊನ್ನಮ್ಮ, ಬಡವಿ ಅಂತ ಬರ್ದು ಕೊಟ್ಟದ್ದು? ಇಲ್ಲಿ ಕೆಲಸ ಮಾಡ್ತಿದ್ಯಲ್ಲ?”

“ಮಾಡ್ತೆ.”

“ಎಷ್ಟು ವರ್ಷಾತು?”

“ಒಂಬತ್ತು.”

“ಒಂಬತ್ತು ವರ್ಷದ ಖಾಯಂ ಕೆಲಸ ಇಟ್ಕಂಡು ಬಡವಿ ಅಂತೆ.”

ಸಾವ್ಕಾರರು ಹಿಂದಿನಿಂದ ಕಣ್ಣು ಮಿಟುಕಿಸುತ್ತಲೇ ಇದ್ದರು. ಸಾಹೇಬರ ಕಣ್ಣು ಕಾಗದದ ಮೇಲಿತ್ತು. ಗಟ್ಟಿಯಾಗಿ ಓದುತ್ತಲೇ ಬರೆದರು: “ಅರ್ಜಿದಾರಳು ಸದರಿ ಶೆಡ್ಡಿನಲ್ಲಿ ಒಂಬತ್ತು ವರ್ಷಗಳಿಂದ ಖಾಯಂ ಕೆಲಸಗಾರಳಾಗಿದ್ದು, ಬಡವಳಲ್ಲ. ಕಾರ್ಡು ರದ್ದತಿಗೆ ಶಿಫಾರಸು.”

ಕಾರ್ಡು ಹೋದರೆ ಅಕ್ಕಿ ಹೋಯಿತು. ಅಲ್ಲ ಸಾಹೇಬ್ರೆ, ಬಡವಿಯೇ ಹೌದು ಎಂದು ಹೊನ್ನಮ್ಮನಿಗೆ ಕಾಲು ಹಿಡಿಯಬೇಕೆನಿಸಿತು. ಅಷ್ಟರಲ್ಲಿ ಜೀಪು ಕಂಡು ಓಡಿಬಂದ ಈರಮ್ಮ ಬಾಗಿಲಲ್ಲಿ ಕಾಣಿಸಿದಳು. ಸದರಿ ಶೆಡ್ಡಿನ ಕೆಲಸಗಾರಳು. ಈ ಒಂದು ಮಾತಿಗಲ್ಲವೇ ಆ ಹೆಂಗಸು ಇಷ್ಟು ದಿನ ಅಲೆದದ್ದು?

“ಬರ್ದದ್ದು ಸರಿ ಉಂಟು ಸಾಹೇಬ್ರೆ. ಸಾಕ್ಷಿ ಬೇಡ್ವಾ?” ಎಂದಳು ಹೊನ್ನಮ್ಮ. “ಪರಮೇಶ್ವರಕ್ಕ, ಹೇಳೆ.”

“ನಾನು ಅದ್ರ ಬದಿಗೇ ಕೂತ್ಕಂಡು ಸುಲೂದು. ಏಳು ವರ್ಷಾತು,” ಎಂದಳು ಪರಮೇಶ್ವರಿ.

ಸಾಕ್ಷಿ ಹೆಚ್ಚಾದಷ್ಟೂ ಅರ್ಜಿ ಬೇಗ ಬೀಳುತ್ತದೆ ಎಂದು ಸಾಹೇಬರಿಗೆ ಖುಷಿಯೋ ಖುಷಿ. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು, ಹೆಸರು ಹೇಳಿ, ವರ್ಷ ಹೇಳಿ, ಸಹಿ ಹಾಕಿದರು. ಸಹಿ ಬರದವರು ಹೆಬ್ಬೆಟ್ಟು ಒತ್ತಿದರು. ಎಲ್ಲರೂ ಮತ್ತೆ ಮಣೆಗೆ ಮರಳಿದರು. ಕೊನೆಗೆ ಸಾವ್ಕಾರರಿಗೆ ತಡೆಯಲಾಗದೆ ಸಾಹೇಬರ ಕಿವಿಗೆ ಬಾಯಿಟ್ಟು ಏನೋ ಉಸುರಿದರು. ಸಾಹೇಬರ ಪೆನ್ನು ನಿಂತಿತು. ತಮ್ಮ ಅಕ್ಷರವನ್ನು ತಾವೇ ಮತ್ತೊಮ್ಮೆ ಓದಿದರು. ಮುಖ ಐಸಿಗಿಂತ ಬೆಳ್ಳಗಾಯಿತು.

“ಇದು ಎಂತದೋ ತಪ್ಪಾತು. ಹರ್ದು ಬೇರೆ ಬರೀತೆ.”

“ಹರೀಬೇಡಿ,” ಎಂದಳು ಹೊನ್ನಮ್ಮ. ಐಸುನೀರಿನಿಂದ ಎರಡೂ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. “ಈರಕ್ಕನ ಹೆಸ್ರು ಇನ್ನೂ ಬರೀಲಿಲ್ಲ.”

ಪರಮೇಶ್ವರಿಯ ಕೈ ಮೇಲೆ ಬಂತು. ಅವಳ ಆಚೆಯವಳದು, ಅದರಾಚೆಯವಳದು. ಮೂವತ್ತೊಂಬತ್ತು ಜೋಡಿ ಕೈ ಸುಮ್ಮನೆ ಮಡಿಲಲ್ಲಿ ಕೂತವು.

“ಸುಲೀರಿ, ಲಾರಿ ಬಂತು,” ಎಂದರು ಸಾವ್ಕಾರರು.

“ನಾವು ಇಲ್ಲಿ ಇಲ್ಲೇ ಇಲ್ವಲ್ಲ ಸಾವ್ಕಾರ್ರೆ. ಆ ಮೂವರು ಗಂಡಸ್ರಿಗೆ ಸುಲೂಕೆ ಹೇಳಿ,” ಎಂದಳು ಪರಮೇಶ್ವರಿ.

ಹೊರಗೆ ಲಾರಿಯವನು ಹಾರ್ನು ಬಾರಿಸಿದ. ಬುಟ್ಟಿಯ ಸೀಗಡಿ ಮೆತ್ತಗಾಗತೊಡಗಿತ್ತು. ಸಾವ್ಕಾರರು ಒಮ್ಮೆ ಲಾರಿಯ ಕಡೆ ನೋಡಿದರು, ಒಮ್ಮೆ ಬುಟ್ಟಿಗಳ ಕಡೆ. ಸಾಹೇಬರು ಬೆವರು ಒರೆಸಿಕೊಂಡರು.

“ಈರಮ್ಮನ ಕೆಲಸ ಎಂತ ಅಂತ ಬರೀಲಿ ಭಾಸ್ಕರಣ್ಣ?”

“ಸೀಗಡಿ ಸುಲೂದು ಅಂತ ಬರೀರಿ ಮಾರಾಯ್ರೆ. ಹನ್ನೊಂದು ವರ್ಷದಿಂದ ಇಲ್ಲೇ ಸುಲೂದು, ಇಲ್ಲೇ ಕೈ ಹೋದದ್ದು. ಬರ್ದು ಮುಗ್ಸಿ, ನನ್ನ ಮಾಲು ಹಾಳಾತು.”

ಸಾಹೇಬರು ಅಷ್ಟನ್ನೂ ಬರೆದು, ಸಹಿ ಹಾಕಿ, ಕಾಗದವನ್ನು ಲಗುಬಗೆಯಿಂದ ಚೀಲಕ್ಕೆ ತುರುಕಲು ಹೋದರು. ಹೊನ್ನಮ್ಮ ಎದ್ದು ಬಂದು ಅಡ್ಡ ನಿಂತಳು. ಸೊಂಟದ ಎಲೆಸಂಚಿ ಬಿಚ್ಚಿ ಒದ್ದೆ ನೋಟೊಂದನ್ನು ಮುಂದೆ ಹಿಡಿದಳು.

“ಅದ್ರ ನಕಲು ನಂಗೆ ಬೇಕು ಸಾಹೇಬ್ರೆ. ಹತ್ತು ರೂಪಾಯಿ ತಕಣಿ. ನಾನೀಗ ಬಡವಿ ಅಲ್ಲ.”